ಗೊದಮೊಟ್ಟೆಯಿಂದ ಕಪ್ಪೆಗೆ: ಹಿಮೋಗ್ಲೋಬಿನ್ನಿನ ಪಲ್ಲಟ

ಗೊದಮೊಟ್ಟೆಯ ರಕ್ತದಲ್ಲಿರುವ ಹಿಮೋಗ್ಲೋಬಿನ್ ಒಂದು, ಅದೇ ಜೀವಿ ಕಪ್ಪೆಯಾದ ಮೇಲೆ ಇರುವುದು ಇನ್ನೊಂದು. ಎರಡರಲ್ಲೂ ನಾಲ್ಕು ಗ್ಲೋಬಿನ್ ಸರಪಳಿಗಳಿವೆ, ಪ್ರತಿ ಸರಪಳಿಯಲ್ಲಿ ಕಬ್ಬಿಣವನ್ನೊಳಗೊಂಡ ಒಂದು ಹೀಮ್ ಇದೆ. ಆದರೆ ಸರಪಳಿಗಳಲ್ಲಿನ ಅಮೈನೋ ಆಮ್ಲಗಳ ಕ್ರಮ ಬೇರೆ, ಅವನ್ನು ನಿರ್ದೇಶಿಸುವ ಜೀನುಗಳೂ ಬೇರೆ.

ಈ ವ್ಯತ್ಯಾಸದ ಪ್ರಯೋಜನ ಸ್ಪಷ್ಟವಾದದ್ದು ಅಮೆರಿಕದ ಬುಲ್‌ಫ್ರಾಗ್ ಕಪ್ಪೆಯ ಅಧ್ಯಯನಗಳಿಂದ. 1951ರಲ್ಲಿ ಪ್ರಕಟವಾದ ಆಸ್ಟಿನ್ ರಿಗ್ಸ್ ಅವರ ಕೆಲಸ ಇವುಗಳಲ್ಲಿ ಮುಖ್ಯ. ಗೊದಮೊಟ್ಟೆಯ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಅದರ ಅರ್ಧ ಭಾಗ ಆಮ್ಲಜನಕದಿಂದ ತುಂಬಲು ಬೇಕಾಗುವ ಒತ್ತಡ, ಪ್ರೌಢ ಕಪ್ಪೆಗೆ ಬೇಕಾಗುವುದರ ಅರ್ಧಕ್ಕೂ ಕಡಿಮೆ. ಇನ್ನೊಂದು ವ್ಯತ್ಯಾಸ ಬೋರ್ ಪರಿಣಾಮದ್ದು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿ ರಕ್ತ ಆಮ್ಲೀಯವಾದಾಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಡುವ ಈ ಗುಣವನ್ನು ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲಿ ವಿವರಿಸಿದ್ದರು. ಕಪ್ಪೆಯಲ್ಲಿ ಇದು ಪ್ರಬಲ, ಗೊದಮೊಟ್ಟೆಯಲ್ಲಿ ಇಲ್ಲವೆನ್ನುವಷ್ಟು ಅಲ್ಪ.

ಗೊದಮೊಟ್ಟೆ ಬದುಕುವ ನೀರನ್ನು ನೋಡಿದರೆ ಕಾರಣ ತಿಳಿಯುತ್ತದೆ. ಪಾಚಿ ಕಟ್ಟಿದ ಹೊಂಡದಲ್ಲಿ ರಾತ್ರಿಯಿಡೀ ಸಸ್ಯಗಳೂ ಉಸಿರಾಡುತ್ತವೆ. ಬೆಳಗಿನ ಜಾವಕ್ಕೆ ಆಮ್ಲಜನಕ ಕುಗ್ಗಿ ಕಾರ್ಬನ್ ಡೈಆಕ್ಸೈಡ್ ಏರಿರುತ್ತದೆ. ಅಲ್ಲಿ ಬೋರ್ ಪರಿಣಾಮ ಪ್ರಬಲವಾಗಿದ್ದರೆ, ಆಮ್ಲಜನಕ ತುಂಬಿಕೊಳ್ಳಬೇಕಾದ ಕಿವಿರಿನಲ್ಲೇ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲವಾಗುತ್ತಿತ್ತು. ಸುಮಾರು ಶೇ. 21ರಷ್ಟು ಆಮ್ಲಜನಕವಿರುವ ಗಾಳಿಯನ್ನು ಸೇವಿಸುವ ಕಪ್ಪೆಗೆ ತುಂಬಿಕೊಳ್ಳುವುದು ಕಷ್ಟವಲ್ಲ. ನೆಗೆಯುವ ಸ್ನಾಯುಗಳಿಗೆ ಬೇಗ ಬಿಟ್ಟುಕೊಡುವುದೇ ಮುಖ್ಯ.

ಪಲ್ಲಟಕ್ಕೆ ಚಾಲನೆ ಕೊಡುವುದು ಥೈರಾಯ್ಡ್ ಹಾರ್ಮೋನು. ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದ ಗೊದಮೊಟ್ಟೆಗಳು ಅವಧಿಗೆ ಮುನ್ನವೇ ಕಪ್ಪೆಗಳಾಗುವುದನ್ನು ಗುಡರ್ನಾಚ್ 1912ರಲ್ಲೇ ತೋರಿಸಿದ್ದರು. ನೀರಿಗೆ ಈ ಗ್ರಂಥಿಯ ಹಾರ್ಮೋನಾದ ಥೈರಾಕ್ಸಿನ್ ಸೇರಿಸಿದರೆ ಹಿಮೋಗ್ಲೋಬಿನ್ನೂ ಬದಲಾಗುತ್ತದೆ.

ಬದಲಾವಣೆ ನಡೆಯುವುದು ಹಳೆಯ ರಕ್ತಕಣದೊಳಗೋ, ಹೊಸ ಕಣಗಳಲ್ಲೋ ಎಂಬುದು ಬಹುಕಾಲ ಚರ್ಚೆಯಾಯಿತು. ಬುಲ್‌ಫ್ರಾಗ್‌ನಲ್ಲಿ ಎರಡು ಹಿಮೋಗ್ಲೋಬಿನ್‌ಗಳು ಬೇರೆಬೇರೆ ಕಣಗಳಲ್ಲಿರುವುದನ್ನು ಮೇನಿಯಾಟಿಸ್ ಮತ್ತು ಇಂಗ್ರಾಮ್ 1971ರಲ್ಲಿ ವರದಿ ಮಾಡಿದರು. ಆಫ್ರಿಕದ ಝೆನೋಪಸ್ ಕಪ್ಪೆಯಲ್ಲಿ ಎರಡನ್ನೂ ಹೊಂದಿದ ಕಣಗಳು ಕಂಡದ್ದುಂಟು. ಆದರೂ ಹಳೆಯ ಕಣಗಳು ನಾಶವಾಗಿ ಹೊಸ ಪೀಳಿಗೆಯ ಕಣಗಳು ಬರುವುದೇ ಪ್ರಧಾನ ಮಾರ್ಗವೆನ್ನಲು ಆಧಾರ ಬಲವಾಗಿದೆ: ಝೆನೋಪಸ್‌ನಲ್ಲಿ ಗೊದಮೊಟ್ಟೆಯ ಕೆಂಪು ಕಣಗಳ ಸಾವನ್ನು ಪ್ರೇರೇಪಿಸುವುದೂ ಅದೇ ಹಾರ್ಮೋನು.

ಮಾನವ ಭ್ರೂಣದ ಹಿಮೋಗ್ಲೋಬಿನ್ನೂ ತಾಯಿಯದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ, ಜನನದ ನಂತರ ಬದಲಾಗುತ್ತದೆ. ಆದರೆ ಅಲ್ಲಿ ಗಾಮಾ ಸರಪಳಿಯ ಜಾಗಕ್ಕೆ ಬೀಟಾ ಬರುವುದಷ್ಟೇ; ಆಲ್ಫಾ ಹಾಗೆಯೇ ಉಳಿಯುತ್ತದೆ. ಬುಲ್‌ಫ್ರಾಗ್‌ನಲ್ಲಿ ಆಲ್ಫಾ, ಬೀಟಾ ಎರಡೂ ಬಗೆಯ ಸರಪಳಿಗಳು ಬದಲಾಗುತ್ತವೆ.