ಟ್ಯಾಮಲ್ಪೈಸ್ ಬೆಟ್ಟದ ಮಂಜು ಮತ್ತು ಕ್ಯಾಮೆರಾ

ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಮಂಜು ಬೀಳುವುದು ಬೇಸಿಗೆಯಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ವಾಯುವ್ಯದ ಗಾಳಿ ಪೆಸಿಫಿಕ್ ಸಾಗರದ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರ ಮೇಲೆ ಹಾದುಬರುವ ತೇವದ ಗಾಳಿ ತಣಿದು ಮಂಜು ಕಟ್ಟುತ್ತದೆ. ಒಳನಾಡಿನ ಸೆಂಟ್ರಲ್ ವ್ಯಾಲಿ ಬಿಸಿಲಿಗೆ ಕಾದಾಗ ಕಡಲ ಗಾಳಿ ಈ ಮಂಜನ್ನು ಹೊತ್ತು ಗೋಲ್ಡನ್ ಗೇಟ್ ಕಿಂಡಿಯಿಂದ ಒಳನುಗ್ಗುತ್ತದೆ. ಮೇಲೆ ಬಿಸಿ ಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುವುದರಿಂದ ಮಂಜು ಕೆಲವು ನೂರು ಮೀಟರಿಗಿಂತ ಮೇಲೇರುವುದಿಲ್ಲ. ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋದ ಜನ ಜುಲೈ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರೆ, ಕಿಂಡಿಯ ಉತ್ತರಕ್ಕಿರುವ 784 ಮೀಟರ್ ಎತ್ತರದ ಟ್ಯಾಮಲ್ಪೈಸ್ ಬೆಟ್ಟದ ನೆತ್ತಿಯಲ್ಲಿ ಚುರುಗುಟ್ಟುವ ಬಿಸಿಲು. ಇದೇ ತಿಂಗಳುಗಳಲ್ಲಿ ಸಹ್ಯಾದ್ರಿಗೂ ಕಡಲ ಗಾಳಿ ಬಡಿಯುತ್ತದೆ. ಆಗುಂಬೆಯ ಮಬ್ಬು ಮಳೆಯಾಗಿ ಸುರಿಯುತ್ತದೆ. ಕ್ಯಾಲಿಫೋರ್ನಿಯಾದ ಮಂಜು ಮರದೆಲೆಯಿಂದ ತೊಟ್ಟಿಕ್ಕುವುದೇ ಹೆಚ್ಚು.

ಈ ಕರಾವಳಿಗೆ ಕ್ಯಾಮೆರಾ ಬಂದ ಮೊದಲ ದಶಕಗಳಲ್ಲಿ ಮಂಜು ಚಿತ್ರದ ವಸ್ತುವಾಗಿರಲಿಲ್ಲ, ಕೆಲಸ ಕೆಡಿಸುವ ಪೀಡೆಯಾಗಿತ್ತು. ಆಗಿನದು ಹಸಿ ಕೊಲೋಡಿಯನ್ ವಿಧಾನ. ಗಾಜಿನ ಹಲಗೆಗೆ ಕೊಲೋಡಿಯನ್ ಬಳಿದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ಕತ್ತಲೆಯ ಡೇರೆಯೊಳಗೆ ತೊಳೆಯಬೇಕಿತ್ತು. ಛಾಯಾಗ್ರಾಹಕ ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ ಯೊಸೆಮಿಟಿ ಕಣಿವೆಗೆ ಹೊತ್ತೊಯ್ದ ಹಲಗೆಗಳ ಅಳತೆ 18×22 ಇಂಚು. ನೆಗೆಟಿವ್ ಹಿಗ್ಗಿಸಿ ಮುದ್ರಿಸುವ ಅನುಕೂಲ ಅಷ್ಟಾಗಿ ಇರದ ಆ ಕಾಲದಲ್ಲಿ, ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ಗಾಜು ಹೊರಬೇಕಿತ್ತು. 1863ರಲ್ಲಿ ಆತ ಮೆಂಡೊಸಿನೊ ಕರಾವಳಿಯ ಮರದ ಮಿಲ್ಲುಗಳನ್ನೂ, ಆ ದಶಕದ ಕೊನೆಗೆ ಗೋಲ್ಡನ್ ಗೇಟಿನಿಂದ ಸುಮಾರು 45 ಕಿಲೋಮೀಟರ್ ದೂರದ ಫ್ಯಾರಲಾನ್ ದ್ವೀಪಗಳನ್ನೂ ಚಿತ್ರಿಸಿದ. ಫ್ಯಾರಲಾನ್ ಚಿತ್ರಗಳಲ್ಲೊಂದು ತಮಾಷೆಯಿದೆ. ಬಂಡೆಯ ಒಂದೊಂದು ಬಿರುಕೂ ಕಾಣುವಷ್ಟು ತಿಳಿ ಬೆಳಕು. ಆದರೆ ಬುಡದಲ್ಲಿ ಬಂಡೆಗಳು ಬಿಳಿ ಮಂಜಿನಲ್ಲಿ ತೇಲಿದಂತಿವೆ. ಅದು ಮಂಜಲ್ಲ, ಅಲೆ. ಎಕ್ಸ್‌ಪೋಷರ್ ಮುಗಿಯುವಷ್ಟರಲ್ಲಿ ಹಲವು ಅಲೆಗಳು ಬಂದು ಹೋಗಿ ಒಂದರ ಮೇಲೊಂದು ಕಲೆತು ಹಾಲಿನಂತಾಗಿವೆ.

ಹಳೆಯ ಹಲಗೆಗಳಿಗೆ ಇನ್ನೊಂದು ಕುರುಡಿತ್ತು. ಅವಕ್ಕೆ ಕಾಣುತ್ತಿದ್ದುದು ನೀಲಿ ಮತ್ತು ನೇರಳೆ ಬೆಳಕು ಮಾತ್ರ. ದೂರದ ಬೆಟ್ಟ ನೀಲಿಯಾಗಿ ಕಾಣುವುದು ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ. ಭೌತವಿಜ್ಞಾನಿ ಲಾರ್ಡ್ ರೇಲೀ ಇದರ ಲೆಕ್ಕ ಕೊಟ್ಟದ್ದು 1871ರಲ್ಲಿ. ನೀಲಿಯನ್ನಷ್ಟೇ ಕಾಣುವ ಹಲಗೆಗೆ ಆ ತೆಳು ಮಬ್ಬೇ ದಟ್ಟ ಪರದೆ. ಬರಿಗಣ್ಣಿಗೆ ಸ್ಪಷ್ಟವಾಗಿದ್ದ ಐದಾರು ಸಾಲು ಬೆಟ್ಟಗಳಲ್ಲಿ ಎರಡೋ ಮೂರೋ ಗಾಜಿನ ಮೇಲೆ ಉಳಿದು, ಮಿಕ್ಕವು ಆಕಾಶದ ಬಿಳುಪಿನಲ್ಲಿ ಕರಗಿಹೋಗುತ್ತಿದ್ದವು. ಮೋಡಗಳ ಗತಿಯೂ ಅದೇ. ‘ಹೀಲಿಯೋಸ್’ ಎಂಬ ಹೆಸರಿನಲ್ಲಿ ಚಿತ್ರ ಮಾರುತ್ತಿದ್ದ ಎಡ್ವರ್ಡ್ ಮೈಬ್ರಿಜ್, ಬೇರೆ ನೆಗೆಟಿವಿನಿಂದ ಮೋಡ ತಂದು ಕೂಡಿಸಿದ್ದುಂಟು. ಇದೇ ಮೈಬ್ರಿಜ್ 1871ರಲ್ಲಿ ಅಮೆರಿಕದ ದೀಪಸ್ತಂಭ ಮಂಡಳಿಗಾಗಿ ಪೆಸಿಫಿಕ್ ಕರಾವಳಿಯ ದೀಪಸ್ತಂಭಗಳ ಚಿತ್ರ ತೆಗೆದ. ಮಂಜಿನ ಚರಿತ್ರೆಗೆ ಆ ಕಟ್ಟಡಗಳೂ ಸಾಕ್ಷಿಯೇ. 1870ರಲ್ಲಿ ಬೆಳಗಿದ ಪಾಯಿಂಟ್ ರೇಯ್ಸ್ ದೀಪಸ್ತಂಭವನ್ನು ಕಡಲಬಂಡೆಯ ತುದಿಯಲ್ಲಿ ಕಟ್ಟಲಿಲ್ಲ. ತುದಿಯನ್ನು ಮಂಜು ಮುಚ್ಚಿದರೂ ಹಡಗುಗಳಿಗೆ ದೀಪ ಕಾಣಲೆಂದು ಬಂಡೆಯನ್ನು ಕಡಿದು ಬಹಳ ಕೆಳಗೆ ನಿಲ್ಲಿಸಿದರು. ಅಲ್ಲಿಗೆ ಇಳಿಯಲು ಇಂದಿಗೂ ಮುನ್ನೂರು ಚಿಲ್ಲರೆ ಮೆಟ್ಟಿಲು.

ಹಲಗೆಯ ಕುರುಡು ಹಂತಹಂತವಾಗಿ ಕಳೆಯಿತು. 1873ರಲ್ಲಿ ಬರ್ಲಿನ್ನಿನ ಹರ್ಮನ್ ವಿಲ್‌ಹೆಲ್ಮ್ ಫೋಗೆಲ್, ಬಣ್ಣ ಬೆರೆಸಿದರೆ ಹಲಗೆಗೆ ಹಸಿರೂ ಕಾಣುತ್ತದೆಂದು ಕಂಡುಕೊಂಡ. 1906ರಲ್ಲಿ ಲಂಡನ್ನಿನ ರ‍್ಯಾಟನ್ ಅಂಡ್ ವೇನ್‌ರೈಟ್ ಕಂಪನಿ ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಹಲಗೆಯನ್ನು ಮಾರುಕಟ್ಟೆಗೆ ತಂದಿತು. ಲೆನ್ಸಿನ ಮುಂದೆ ಹಳದಿ ಇಲ್ಲವೆ ಕೆಂಪು ಫಿಲ್ಟರ್ ಹಾಕಿ ನೀಲಿ ಮಬ್ಬನ್ನು ಸೋಸಿ ತೆಗೆಯುವುದು ಹೀಗೆ ಸಾಧ್ಯವಾಯಿತು. ಆದರೆ ಈ ಉಪಾಯ ಮಬ್ಬಿಗೆ ಮಾತ್ರ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದಪ್ಪವಾಗಿದ್ದು ಎಲ್ಲ ಬಣ್ಣಗಳನ್ನೂ ಒಂದೇ ಸಮ ಚದುರಿಸುತ್ತವೆ. ಅವುಗಳ ಮುಂದೆ ಯಾವ ಫಿಲ್ಟರಿನ ಆಟವೂ ನಡೆಯದು.

ಮಂಜನ್ನೇ ವಸ್ತುವಾಗಿ ಹಿಡಿದು ಕ್ಯಾಮೆರಾ ತಿರುಗಿಸಿದವರಲ್ಲಿ ಒಬ್ಬ ಸರಕಾರಿ ನೌಕರನಿದ್ದ. ಅಲೆಕ್ಸಾಂಡರ್ ಮೆಕಾಡಿ ಸ್ಯಾನ್ ಫ್ರಾನ್ಸಿಸ್ಕೋದ ಹವಾಮಾನ ಕಚೇರಿಯ ಮುಖ್ಯಸ್ಥ. 1896ರಲ್ಲಿ ಟ್ಯಾಮಲ್ಪೈಸ್ ಬೆಟ್ಟಕ್ಕೆ ಅಂಕುಡೊಂಕಿನ ರೈಲುದಾರಿ ಬಂದಿತ್ತು. 281 ತಿರುವುಗಳ ಆ ದಾರಿಯಲ್ಲಿ ಮಂಜಿನೊಳಗಿನಿಂದ ಬಿಸಿಲಿಗೆ ಏರುವುದೇ ಪ್ರವಾಸಿಗರಿಗೆ ದೊಡ್ಡ ಆಕರ್ಷಣೆಯಾಗಿತ್ತು. ಮೆಕಾಡಿ ಅದೇ ನೆತ್ತಿಯ ಮೇಲೆ ನಿಂತು ಮಂಜನ್ನು ಮೇಲಿನಿಂದ ನೋಡಿದ. ಕಡಲಿನಂತೆಯೇ ಅದರ ಮೇಲ್ಮೈಯಲ್ಲೂ ಅಲೆಗಳೇಳುವುದು, ಬೆಟ್ಟದ ಏಣು ದಾಟಿ ಜಲಪಾತದಂತೆ ಆಚೆ ಕಣಿವೆಗೆ ಇಳಿಯುವುದು, ಬಿಸಿ ಗಾಳಿ ತಾಗಿದಲ್ಲಿ ಆರಿಹೋಗುವುದು, ಇವನ್ನೆಲ್ಲ ಚಿತ್ರಗಳಲ್ಲಿ ಹಿಡಿದು 1900ರ ಹೊತ್ತಿಗೆ ಹವಾಮಾನ ಇಲಾಖೆಯ ಮಾಸಪತ್ರಿಕೆಯಲ್ಲಿ ಬರೆಯತೊಡಗಿದ. 1912ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೋಡ ಮತ್ತು ಮಂಜುಗಳ ಬಗ್ಗೆ ಅವನ ಸಚಿತ್ರ ಪುಸ್ತಕವೇ ಬಂತು. ಕಲೆಗಾರರ ಪಟ್ಟಿಯಲ್ಲಿ ಈತನ ಹೆಸರು ಸಿಗುವುದು ಅಪರೂಪ. ಆದರೂ ಇಂದು ಲಕ್ಷಗಟ್ಟಲೆ ಜನ ಮೊಬೈಲಿನಲ್ಲಿ ತೆಗೆಯುವ ‘ಮಂಜಿನ ಕಡಲು’ ಅವನು ನಿಂತು ನೋಡಿದ ನೋಟವೇ.

ಕಲೆಗಾರರು ಆಗ ಬೇರೊಂದು ಬಗೆಯ ಮಂಜಿನಲ್ಲಿ ಮುಳುಗಿದ್ದರು. ಛಾಯಾಚಿತ್ರವೂ ವರ್ಣಚಿತ್ರದಂತಿರಬೇಕೆಂಬ ಪಿಕ್ಟೋರಿಯಲ್ ಪಂಥದವರಿಗೆ ಮಸುಕೇ ಸೊಬಗು. ಮೆದುವಾಗಿ ಮೂಡಿಸುವ ಲೆನ್ಸು, ಒರಟು ಕಾಗದ, ಗಮ್ ಬೈಕ್ರೊಮೇಟ್ ಮುದ್ರಣ: ಬೆಟ್ಟದಲ್ಲಿ ಮಂಜಿರದ ದಿನವೂ ಚಿತ್ರದಲ್ಲಿ ಮಂಜು ಬರಿಸುವ ಸಾಮಗ್ರಿ ಅವರ ಬಳಿಯಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ವಿಲಿಯಂ ಡ್ಯಾಸನ್‌ವಿಲ್ ಈ ಬಳಗದ ನುರಿತ ಕೈ. ಛಾಯಾಚಿತ್ರದ ಕಾಗದವನ್ನು ತಾನೇ ತಯಾರಿಸಿ ಮಾರುತ್ತಿದ್ದವನು. ಆನ್ಸೆಲ್ ಆಡಮ್ಸ್ ತನ್ನ 1930ರ ‘ಟಾವೋಸ್ ಪ್ಯೂಬ್ಲೊ’ ಪುಸ್ತಕದ ಚಿತ್ರಗಳನ್ನು ಮುದ್ರಿಸಿದ್ದು ಡ್ಯಾಸನ್‌ವಿಲ್ ತಯಾರಿಸಿದ ಕಾಗದದ ಮೇಲೆ.

ಅದಾಗಿ ಎರಡೇ ವರ್ಷಕ್ಕೆ, 1932ರ ನವೆಂಬರ್ 15ರಂದು, ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಮ್ಯೂಸಿಯಂನಲ್ಲಿ 80 ಚಿತ್ರಗಳ ಪ್ರದರ್ಶನವೊಂದು ತೆರೆಯಿತು. ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್, ವಿಲ್ಲರ್ಡ್ ವ್ಯಾನ್ ಡೈಕ್ ಮೊದಲಾದವರ ಈ ಕೂಟ ಇಟ್ಟುಕೊಂಡ ಹೆಸರು ‘ಗ್ರೂಪ್ ಎಫ್/64’. ಹತ್ತಿರದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವನ್ನೂ ಹರಿತವಾಗಿ ಮೂಡಿಸುವ ಲೆನ್ಸಿನ ಅತಿ ಕಿರಿದಾದ ಕಿಂಡಿಯ ಅಳತೆ ಅದು. ಮಂಜಿನ ನಗರದಲ್ಲಿ ಮಸುಕಿನ ವಿರುದ್ಧ ಬಂಡಾಯವೆಂದರೆ ವಿಚಿತ್ರವಾಗಿ ಕೇಳಬಹುದು. ಅವರ ಜಗಳವಿದ್ದದ್ದು ಲೆನ್ಸಿನ ಮಸುಕಿನ ಜೊತೆ. ಕಣಿವೆಯ ಮಂಜಿನ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ. ಯೊಸೆಮಿಟಿಯ ಮೇಲೆ ಚಳಿಗಾಲದ ಬಿರುಗಾಳಿ ತಿಳಿಯಾಗುವ ಆಡಮ್ಸ್‌ನ ಪ್ರಸಿದ್ಧ ಚಿತ್ರದಲ್ಲಿ ಮೋಡ ಮಂಜುಗಳದೇ ಕಾರುಬಾರು, ಆದರೂ ಮುಂಭಾಗದ ಮರಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ.

ಮಂಜನ್ನು ಅಳೆಯುವ ಲೆಕ್ಕವೂ ಈ ಕೂಟದ ಆಡಮ್ಸ್‌ನಿಂದ ಗಟ್ಟಿಯಾಯಿತು. ಬೆಳಕಿನ ಮೀಟರ್ ತನಗೆ ಕಂಡದ್ದನ್ನೆಲ್ಲ ನಡುಬೂದು ಎಂದೇ ತಿಳಿಯುತ್ತದೆ. ಅದು ಹೇಳಿದಂತೆ ಕೇಳಿದರೆ ಹಾಲುಬಿಳಿಯ ಮಂಜು ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ಇಳಿಯುತ್ತದೆ. ಒಂದರಿಂದ ಎರಡು ಸ್ಟಾಪ್ (ಪ್ರತಿ ಸ್ಟಾಪಿಗೂ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಕೊಟ್ಟರೆ ಬಿಳುಪು ಮರಳುತ್ತದೆ. ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಲಾಸ್ ಏಂಜಲೀಸಿನಲ್ಲಿ ಪಾಠ ಹೇಳುತ್ತ ರೂಪಿಸಿದ ‘ಜೋನ್ ಸಿಸ್ಟಮ್’ ಈ ಬಗೆಯ ತಿದ್ದುಪಡಿಯನ್ನು ಕಪ್ಪಿನಿಂದ ಬಿಳಿಯವರೆಗಿನ ಮೆಟ್ಟಿಲುಗಳಲ್ಲಿ ಕಲಿಸಿತು.

ಎರಡನೇ ಮಹಾಯುದ್ಧದ ನಂತರ ಮಂಜಿನ ಚಿತ್ರಗಳಿಗೆ ಹೊಸ ಕೆಲಸ ಒದಗಿತು. ಕರಾವಳಿಯ ರೆಡ್‌ವುಡ್ ಕಾಡಿನಲ್ಲಿ ಬಿಸಿಲಿದ್ದರೆ ಚಿತ್ರ ತೆಗೆಯುವುದು ಕಷ್ಟ; ನೆಲದ ತುಂಬ ಬಿಳಿ ಕಪ್ಪು ತೇಪೆ. ಮಂಜು ಬಂದಾಗ ನೆರಳು ಕರಗಿ, ಕಾಂಡಗಳು ಹಿಂದೆ ಹಿಂದೆ ತಿಳಿಯಾಗುತ್ತ ಸಾಲುಗಟ್ಟುತ್ತವೆ. ಛಾಯಾಗ್ರಾಹಕ ಫಿಲಿಪ್ ಹೈಡ್ ಇಂಥ ಚಿತ್ರಗಳನ್ನು ಸಿಯೆರಾ ಕ್ಲಬ್ಬಿನ ಪರಿಸರ ಹೋರಾಟಕ್ಕೆ ಒದಗಿಸಿದ. ಪಾಯಿಂಟ್ ರೇಯ್ಸ್ ಬಗ್ಗೆ ಅವನ ಚಿತ್ರಗಳಿದ್ದ ಪುಸ್ತಕ ಹೊರಬಂದ 1962ರಲ್ಲೇ ಅಧ್ಯಕ್ಷ ಕೆನಡಿ ಆ ಕರಾವಳಿಯನ್ನು ರಕ್ಷಿಸುವ ಕಾಯ್ದೆಗೆ ಸಹಿ ಹಾಕಿದರು. ಮರುವರ್ಷ ರೆಡ್‌ವುಡ್ ಕಾಡಿನ ಪುಸ್ತಕ ಬಂತು. 1968ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಪುಸ್ತಕದಿಂದಲೇ ಕಾಯ್ದೆ ಬಂತೆನ್ನುವುದು ಉತ್ಪ್ರೇಕ್ಷೆ, ಆದರೆ ವಾಷಿಂಗ್ಟನ್ನಿನಲ್ಲಿ ಕೂತವರಿಗೆ ಆ ಕಾಡು ಕಂಡದ್ದು ಬಹುಮಟ್ಟಿಗೆ ಇಂಥ ಚಿತ್ರಗಳಲ್ಲೇ.

ರೆಡ್‌ವುಡ್ ಕಾಡಿಗೆ ವರ್ಷದಲ್ಲಿ ಸಿಗುವ ನೀರಿನ ಸುಮಾರು ಮೂರನೇ ಒಂದು ಭಾಗ ಎಲೆಗಳಿಂದ ತೊಟ್ಟಿಕ್ಕುವ ಮಂಜಿನದೆಂದು ಬರ್ಕ್ಲಿ ವಿಶ್ವವಿದ್ಯಾಲಯದ ಟಾಡ್ ಡಾಸನ್ ಅಳೆದು ತೋರಿಸಿದರು. 2010ರಲ್ಲಿ ಅವರು ಜೇಮ್ಸ್ ಜಾನ್‌ಸ್ಟೋನ್ ಜೊತೆಗೂಡಿ, ವಿಮಾನ ನಿಲ್ದಾಣಗಳ ಮಂಜಿನ ದಾಖಲೆ ಮತ್ತು ಹಳೆಯ ತಾಪಮಾನದ ಲೆಕ್ಕಗಳನ್ನು ಹೊಂದಿಸಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಇಪ್ಪತ್ತನೆಯ ಶತಮಾನದ ಆರಂಭದಿಂದೀಚೆಗೆ ಈ ಕರಾವಳಿಯ ಬೇಸಿಗೆ ಮಂಜು ಶೇ. 33ರಷ್ಟು ಕಡಿಮೆಯಾಗಿದೆ. ಅವರ ಲೆಕ್ಕ ಶುರುವಾಗುವುದು 1901ರಿಂದ, ಮೆಕಾಡಿ ಟ್ಯಾಮಲ್ಪೈಸ್ ನೆತ್ತಿಯಲ್ಲಿ ನಿಂತು ಮಂಜಿನ ಚಿತ್ರ ತೆಗೆಯುತ್ತಿದ್ದ ಕಾಲದಿಂದ.