ಗಾಳಿಗೆ ಅಂಕೆ

ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಂತೆ ಮೈಸೂರು ಸಂಸ್ಥಾನವು ಕಟ್ಟಿಸಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು 1923ನೆಯ ಇಸವಿಯ ಜನವರಿಯಲ್ಲಿ ಉರಿಯತೊಡಗಿದಾಗ, ಗಾಳಿಯನ್ನು ಒತ್ತಿ ಬೆಂಕಿಯೊಳಕ್ಕೆ ನುಗ್ಗಿಸುವ ವಿದ್ಯೆಯು ಕಮ್ಮಾರನ ತಿದಿಯ ಅಳತೆಯನ್ನು ಮೀರಿ ಈ ಸೀಮೆಯಲ್ಲಿ ಬೃಹದ್ರೂಪವನ್ನು ತಾಳಿತು. ಇಂದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಬಾನೆಟ್ ತೆರೆದು ನಿಂತಿರುವ ಟರ್ಬೊ ಕಾರುಗಳೂ ಆ ವಿದ್ಯೆಯ ವಂಶದವೇ.

ಊದುಕುಲುಮೆಯ ನೆತ್ತಿಯಿಂದ ಹೊರಬರುವ ಅನಿಲವು ಇನ್ನೂ ಉರಿಯಬಲ್ಲದ್ದು. ಅದನ್ನು ವ್ಯರ್ಥವಾಗಿ ಆಕಾಶಕ್ಕೆ ಬಿಡದೆ, ಹಿಡಿದು ತಂದು ಸುಟ್ಟು, ಆ ಕಾವಿನಿಂದ ಒಳಹೋಗುವ ಗಾಳಿಯನ್ನೇ ಕಾಯಿಸುವುದು ಆ ಉದ್ಯಮದ ಹಳೆಯ ಮಿತವ್ಯಯ. ಆದರೆ ಭದ್ರಾವತಿಗೆ ತನ್ನದೇ ಆದ ಒಂದು ನಿರ್ಬಂಧವಿದ್ದಿತು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ದೊರೆಯದ ಕಾರಣ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಮರದ ಇದ್ದಲಿನಿಂದಲೇ ಕರಗಿಸಬೇಕಾಗಿದ್ದಿತು. ಇದ್ದಲು ಮೃದು, ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗುವಂಥದು, ಪುಡಿಯಾಯಿತೆಂದರೆ ಗಾಳಿಗೆ ದಾರಿ ಮುಚ್ಚಿತು. ಆದುದರಿಂದ ಇದ್ದಲಿನ ಕುಲುಮೆಯನ್ನು ಬಹಳ ಎತ್ತರಕ್ಕೆ ಕಟ್ಟುವಂತಿಲ್ಲ, ಗಾಳಿಯನ್ನು ಮನಬಂದಷ್ಟು ಒತ್ತಿ ಊದುವಂತಿಲ್ಲ. ಎಷ್ಟು ಊದಬೇಕೆಂಬುದನ್ನು ಯಂತ್ರದ ಶಕ್ತಿಗಿಂತ ಹೆಚ್ಚಾಗಿ ಉರಿಯುವ ವಸ್ತುವಿನ ಸಹನೆಯೇ ನಿರ್ಣಯಿಸುತ್ತಿದ್ದಿತು. 

ಹೊರಹೋಗುವ ಅನಿಲದಿಂದಲೇ ಕೆಲಸ ಮಾಡಿಸುವ ಕುಲುಮೆಯ ಮಿತವ್ಯಯವನ್ನು ಎಂಜಿನ್ನಿಗೆ ಅನ್ವಯಿಸಿದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಅವನು ಪಡೆದ ಪೇಟೆಂಟಿನ ಸಾರವೆಂದರೆ, ಸೈಲೆನ್ಸರಿನತ್ತ ಹರಿದುಹೋಗುವ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಎಂಜಿನ್ನಿಗೆ ತುಂಬುವುದು; ಇದೇ ಟರ್ಬೊ. ತುಂಬಿದಷ್ಟೂ ಹೊಗೆ, ಹೊಗೆ ಹೆಚ್ಚಿದಷ್ಟೂ ವೇಗ. ತಡೆಯುವವರಿಲ್ಲದಿದ್ದರೆ ಎಂಜಿನ್ನೇ ಒಡೆದೀತು. ಅದಕ್ಕಾಗಿ ಹೊಗೆಯನ್ನು ಪಕ್ಕದ ದಾರಿಗೆ ಬಿಡುವ ವೇಸ್ಟ್‌ಗೇಟ್ ಎಂಬ ಕದವನ್ನಿಟ್ಟರು. ಗಾಳಿಯ ಒತ್ತಡವು ಸಣ್ಣ ರಬ್ಬರ್ ಪೈಪಿನ ಮೂಲಕ ಬಂದು ಒಂದು ಪೊರೆಯನ್ನು ನೂಕಿ, ಸ್ಪ್ರಿಂಗನ್ನು ಮಣಿಸಿ, ಆ ಕದವನ್ನು ತೆರೆಯುವುದು. ಸ್ಪ್ರಿಂಗಿನ ಬಿಗಿ ಎಷ್ಟೋ ಒತ್ತಡದ ಮಿತಿ ಅಷ್ಟೇ. ಒಳ್ಳೆಯ ಪೆಟ್ರೋಲಿಗೂ ಕಳಪೆ ಪೆಟ್ರೋಲಿಗೂ, ಸಪಾಟು ರಸ್ತೆಗೂ ಆಗುಂಬೆಯ 14 ತಿರುವುಗಳಿಗೂ ಅದೊಂದೇ ನ್ಯಾಯ.

ಈ ಮೊಂಡು ನ್ಯಾಯಕ್ಕೆ ವಿವೇಕವನ್ನು ಕಲಿಸಿದ ಮೊದಲಿಗರಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯು ಗಣ್ಯವಾದುದು. 1980ರ ದಶಕದ ಆದಿಯಲ್ಲಿ ಅದು ಒತ್ತಡ ಮಿತಿಮೀರಿದಾಗ ಎಂಜಿನ್ನಿನಲ್ಲಿ ಏಳುವ ಕುಟುಕುಟು ಬಡಿತವನ್ನು ಆಲಿಸುವ ಸೆನ್ಸರನ್ನೂ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸಾಲೆನಾಯ್ಡ್ ವಾಲ್ವನ್ನೂ ಜೋಡಿಸಿತು. ಈ ವಾಲ್ವು ತಾನಾಗಿ ಗಾಳಿಯನ್ನು ಊದುವುದಿಲ್ಲ. ಪೊರೆಗೆ ಹೋಗುವ ಒತ್ತಡದಲ್ಲಿ ಒಂದಂಶವನ್ನು ದಾರಿಯಲ್ಲೇ ಸೋರಿಸಿ, ಒತ್ತಡವಿನ್ನೂ ಏರಿಲ್ಲವೆಂದು ಅದನ್ನು ನಂಬಿಸುತ್ತದೆ. ಕದವು ತಡವಾಗಿ ತೆರೆಯುತ್ತದೆ, ಟರ್ಬೊ ಇನ್ನಷ್ಟು ತುಂಬುತ್ತದೆ. ಇಸಿಯು ಎಂಬ ಗಣಕವು ಒತ್ತಡವನ್ನು ಅಳೆಯುತ್ತಲೇ ಸೆಕೆಂಡಿಗೆ ಹಲವು ಬಾರಿ ಆ ಸೋರಿಕೆಯನ್ನು ತಿದ್ದುತ್ತಿರುತ್ತದೆ. ಬಡಿತ ಕೇಳಿಸಿತೋ, ಸೋರಿಕೆ ಕಡಿಮೆ, ಒತ್ತಡ ಇಳಿಮುಖ. ಇದು ಮೋಸವೇ ಸರಿ, ಆದರೆ ಸಜ್ಜನಿಕೆಯ ಮೋಸ: ವೈರು ಕಳಚಿಬಿದ್ದರೆ ಒತ್ತಡವೆಲ್ಲ ನೆಟ್ಟಗೆ ಪೊರೆಗೇ ಹೋಗಿ, ಗಾಡಿಯು ಸ್ಪ್ರಿಂಗಿನ ಹಳೆಯ ಮಿತಿಗೆ ಮರಳುತ್ತದೆ, ಪಿಕಪ್ ಹೋಗುತ್ತದೆ, ಎಂಜಿನ್ ಉಳಿಯುತ್ತದೆ.

ಇಂದಿನ ಡೀಸೆಲ್ ಗಾಡಿಗಳಲ್ಲಿ ವೇಸ್ಟ್‌ಗೇಟಿನ ಬದಲು ಹೊಗೆಯ ದಾರಿಯಲ್ಲಿ ಓರೆ ಬದಲಿಸುವ ಎಲೆಗಳಿರುವುದುಂಟು, ತತ್ತ್ವ ಬೇರೆಯಲ್ಲ. 2020ರ ಏಪ್ರಿಲಿನಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲಂತೂ ಈ ಗಣಕಗಳ ಕಾವಲು ಇನ್ನೂ ಬಿಗಿಯಾಗಿದೆ. ಗಾಡಿ ಘಟ್ಟದಲ್ಲಿ ಸರಿಯಾಗಿ ಓಡುತ್ತಿಲ್ಲವೆಂದು ಬಂದವನ ಮುಂದೆ ನುರಿತ ಮೆಕ್ಯಾನಿಕ್ಕು ಸ್ಕ್ಯಾನರನ್ನು ಚುಚ್ಚುವನು, ನಿಜ; ಆದರೆ ಟರ್ಬೊವನ್ನೇ ಬದಲಿಸಬೇಕೆನ್ನುವ ಮುನ್ನ ಅವನ ಬೆರಳು ವಾಲ್ವಿನಿಂದ ಪೊರೆಗೆ ಹೋಗುವ ಕಿರುಬೆರಳಿಗಿಂತ ಸಣ್ಣ ರಬ್ಬರ್ ಪೈಪಿನ ಉದ್ದಕ್ಕೂ ಸವರಿ, ಬಿಸಿಗೆ ಗಡುಸಾಗಿ ಬಿರಿದ ಜಾಗವನ್ನು ಹುಡುಕುತ್ತದೆ.