ಶಿಲೆಯೊಳಗಿನ ದಿಕ್ಸೂಚಿ: ಕರ್ನಾಟಕದ ಕಲ್ಲುಗಳು ಹೇಳುವ ಭೂಖಂಡಗಳ ಪಯಣ

ಗದಗದಿಂದ ಹೊಸಪೇಟೆಯತ್ತ ಸಾಗುವ ಹೆದ್ದಾರಿಯಲ್ಲಿರುವ ಲಕ್ಕುಂಡಿ, ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳಿಂದ ಪ್ರಸಿದ್ಧವಾದ ಊರು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇರುವುದು ಇಲ್ಲಿಯೇ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲನ್ನು ಬಳಸಿದರೆ, ಲಕ್ಕುಂಡಿಯ ಶಿಲ್ಪಿಗಳು ಬಳಪದ ಕಲ್ಲಿನ ಜಾತಿಗೆ ಸೇರಿದ ಮೃದುವಾದ ಕ್ಲೋರೈಟ್ ಶಿಸ್ಟ್ ಶಿಲೆಯನ್ನು ಆರಿಸಿಕೊಂಡರು. ಇಲ್ಲಿನ ನವುರಾದ ಕೆತ್ತನೆಗೆ ಆ ಶಿಲೆಯ ಗುಣವೂ ಒಂದು ಕಾರಣ.

ಶಿಸ್ಟ್ ಒಂದು ರೂಪಾಂತರ ಶಿಲೆ. ಭೂಗರ್ಭದ ಒತ್ತಡ, ಶಾಖಗಳಿಗೆ ಸಿಲುಕಿ ಅದರ ಮೂಲ ಖನಿಜಗಳು ಬದಲಾಗಿವೆ. ಹಾಗಾಗಿ ತಾನು ಹುಟ್ಟಿದಾಗ ಈ ನೆಲ ಭೂಗೋಳದ ಯಾವ ಭಾಗದಲ್ಲಿತ್ತು ಎಂಬ ಪ್ರಶ್ನೆಗೆ ಅದು ಸಾಮಾನ್ಯವಾಗಿ ಉತ್ತರ ಕೊಡಲಾರದು. ಆ ಉತ್ತರಕ್ಕಾಗಿ ವಿಜ್ಞಾನಿಗಳು ಮೊರೆಹೋಗುವುದು ಹೆಚ್ಚು ಮಾರ್ಪಾಡಾಗದೆ ಉಳಿದ ಅಗ್ನಿಶಿಲೆಗಳನ್ನು. ಈ ಅಧ್ಯಯನ ಶಾಖೆಯೇ ಪ್ರಾಚೀನ ಕಾಂತತ್ವ ವಿಜ್ಞಾನ.

ಕಲ್ಲಿನಲ್ಲಿ ಕಾಂತತ್ವ ಉಳಿಯುವ ಬಗೆ

ಕುದಿಯುವ ಶಿಲಾಪಾಕ ತಣಿದು ಗಟ್ಟಿಯಾದಾಗ ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಸೂಕ್ಷ್ಮ ಹರಳುಗಳು ಇರುತ್ತವೆ. ಉಷ್ಣತೆ 580 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವವರೆಗೆ ಈ ಹರಳುಗಳಿಗೆ ಶಾಶ್ವತ ಕಾಂತತ್ವವಿರುವುದಿಲ್ಲ. ಅದಕ್ಕಿಂತ ಕೆಳಗಿಳಿದಂತೆ ಅವು ಭೂಮಿಯ ಕಾಂತಕ್ಷೇತ್ರದ ದಿಕ್ಕಿಗೆ ಹೊಂದಿಕೊಂಡು ಹಾಗೆಯೇ ಸ್ಥಿರಗೊಳ್ಳುತ್ತವೆ. ಮತ್ತೆ ಕಾಯದಿದ್ದರೆ ಆ ದಿಕ್ಕು ಕೋಟ್ಯಂತರ ವರ್ಷ ಉಳಿಯಬಲ್ಲದು.

ಮುಕ್ತವಾಗಿ ತೂಗಿಬಿಟ್ಟ ಕಾಂತಸೂಜಿ ಕಾಂತೀಯ ಸಮಭಾಜಕದಲ್ಲಿ ಅಡ್ಡಲಾಗಿ ನಿಲ್ಲುತ್ತದೆ, ಕಾಂತೀಯ ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ. ನಡುವಿನ ಪ್ರದೇಶಗಳಲ್ಲಿ ಅಕ್ಷಾಂಶಕ್ಕೆ ತಕ್ಕಂತೆ ಓರೆಯಾಗುತ್ತದೆ. ಈ ಓರೆಕೋನದ ಟ್ಯಾಂಜೆಂಟ್, ಅಕ್ಷಾಂಶದ ಟ್ಯಾಂಜೆಂಟ್‌ನ ಎರಡರಷ್ಟು ಎಂಬುದು ಇಲ್ಲಿನ ಮೂಲಸೂತ್ರ. ಲಕ್ಕುಂಡಿಯ ಅಕ್ಷಾಂಶ ಸುಮಾರು 15.4 ಡಿಗ್ರಿ ಉತ್ತರ. ಅದಕ್ಕೆ ಸಲ್ಲುವ ಓರೆ ಸುಮಾರು 29 ಡಿಗ್ರಿ. ಇದು ಸಾವಿರಾರು ವರ್ಷಗಳ ಸರಾಸರಿ ಲೆಕ್ಕ. ಒಂದು ನಿರ್ದಿಷ್ಟ ಕಾಲದ ಕಾಂತಕ್ಷೇತ್ರ ಈ ಸರಾಸರಿಗಿಂತ ಬೇರೆಯಾಗಿರಬಹುದು. ಕಾಂತೀಯ ಸಮಭಾಜಕ ಭೂಗೋಳದ ಸಮಭಾಜಕದ ಮೇಲೆಯೇ ಇರದೆ ಕೇರಳದ ತುಂಬಾ ಬಳಿ ಹಾದುಹೋಗುವುದು ಇದಕ್ಕೊಂದು ನಿದರ್ಶನ. ಆದ್ದರಿಂದಲೇ ಒಂದೇ ಕಲ್ಲನ್ನು ನಂಬದೆ ಬೇರೆ ಬೇರೆ ಅವಧಿಗಳಲ್ಲಿ ತಣಿದ ಹಲವು ಶಿಲೆಗಳ ಮಾದರಿಗಳನ್ನು ಸಂಗ್ರಹಿಸಲಾಗುತ್ತದೆ.

ಹಾರೋಹಳ್ಳಿಯ ಕರಿಕಲ್ಲು

ನೆಲದ ಬಿರುಕುಗಳಿಗೆ ಶಿಲಾಪಾಕ ನುಗ್ಗಿ ಗೋಡೆಯಂತೆ ಗಟ್ಟಿಯಾದ ಶಿಲೆಗೆ ಡೈಕ್ ಎಂದು ಹೆಸರು. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಹಾರೋಹಳ್ಳಿ ಸುತ್ತಮುತ್ತ ಇಂಥ ಡೈಕ್‌ಗಳಿವೆ. 1994ರಲ್ಲಿ ಡಾಸನ್ ಮತ್ತು ಹಾರ್‌ಗ್ರೇವ್ಸ್ ಇವುಗಳ ಕಾಂತತ್ವದ ಅಧ್ಯಯನವನ್ನು ಪ್ರಕಟಿಸಿದರು. 2007ರಲ್ಲಿ ಹಾಲ್ಸ್, ಅನಿಲ್ ಕುಮಾರ್, ಶ್ರೀನಿವಾಸನ್ ಮತ್ತು ಹ್ಯಾಮಿಲ್ಟನ್ ಅವರ ತಂಡ ಪೂರ್ವ–ಪಶ್ಚಿಮವಾಗಿ ಹರಡಿರುವ ಡೈಕ್‌ಗಳ ಕಾಂತತ್ವದ ಜೊತೆಗೆ, ಯುರೇನಿಯಂ–ಸೀಸ ವಿಧಾನದಿಂದ ಅವುಗಳ ವಯಸ್ಸನ್ನೂ ನಿರ್ಧರಿಸಿತು. ಆ ವಯಸ್ಸು ಸುಮಾರು 237 ಕೋಟಿ ವರ್ಷ.

ಈ ಡೈಕ್‌ಗಳಲ್ಲಿ ಕಂಡುಬಂದ ಕಾಂತ ದಿಕ್ಕು ಬಹುತೇಕ ಕಡಿದಾಗಿದೆ. ಅಂದರೆ ಇಂದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವ ಈ ನೆಲ, ಅಂದು 60 ಡಿಗ್ರಿಗೂ ಮೀರಿದ ಅಕ್ಷಾಂಶದಲ್ಲಿ, ಧ್ರುವಪ್ರದೇಶದ ಕಡೆಗಿತ್ತು. ಭೂಮಿಯ ಕಾಂತಕ್ಷೇತ್ರ ಆಗಾಗ ತಲೆಕೆಳಗಾಗುವುದರಿಂದ, ಇಷ್ಟು ಹಳೆಯ ಶಿಲೆಗಳ ವಿಷಯದಲ್ಲಿ ಅದು ಉತ್ತರ ಧ್ರುವವೋ ದಕ್ಷಿಣ ಧ್ರುವವೋ ಎಂದು ಕಾಂತತ್ವವೊಂದರಿಂದಲೇ ಹೇಳಲಾಗದು.

ಸಮಭಾಜಕ ದಾಟಿದ ದಖ್ಖನ್

ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳವರೆಗೂ ಚಾಚಿರುವ ದಖ್ಖನ್ ಲಾವಾಸ್ತರಗಳ ಕಥೆ ಇನ್ನಷ್ಟು ಸ್ಪಷ್ಟವಾಗಿದೆ. ಭೂಖಂಡಗಳು ಚಲಿಸುತ್ತವೆ ಎಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ಮಂಡಿಸಿದ ವಾದವನ್ನು ಬಹಳಷ್ಟು ವಿಜ್ಞಾನಿಗಳು ದಶಕಗಳ ಕಾಲ ಒಪ್ಪಿರಲಿಲ್ಲ. 1956ರಲ್ಲಿ ಬ್ರಿಟನ್ನಿನ ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ ಭಾರತದ ಶಿಲೆಗಳ ಕಾಂತತ್ವ ಕುರಿತು ಪ್ರಕಟಿಸಿದ ಅಧ್ಯಯನ, ಭಾರತ ಒಂದು ಕಾಲಕ್ಕೆ ದಕ್ಷಿಣ ಗೋಲಾರ್ಧದಲ್ಲಿತ್ತು ಎಂಬುದಕ್ಕೆ ಬಲವಾದ ಆಧಾರ ಒದಗಿಸಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಲಾವಾ ಹರಿದಾಗ ಈ ಪ್ರದೇಶ 30 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸಿನಲ್ಲಿತ್ತು. ಅಲ್ಲಿಂದ ಈಗಿನ ಜಾಗಕ್ಕೆ ಐದು ಸಾವಿರ ಕಿ.ಮೀ. ಮಿಕ್ಕಿದ ಪಯಣ.

ಮಲ್ಪೆ ಕಡಲಾಚೆಯ ಸೇಂಟ್ ಮೇರೀಸ್ ದ್ವೀಪಗಳ ಕಂಬಶಿಲೆಗಳು ಇದಕ್ಕಿಂತ ಹಳೆಯವು. ಬೇರೆ ಬೇರೆ ವಿಧಾನಗಳಿಂದ ಅವುಗಳ ವಯಸ್ಸು 8.5 ಕೋಟಿಯಿಂದ 9.1 ಕೋಟಿ ವರ್ಷವೆಂದು ದೊರೆತಿದೆ. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಯ ಕುರುಹೆಂದು ಅವನ್ನು ಪರಿಗಣಿಸಲಾಗಿದೆ.

ವಿಧಾನ ಮತ್ತು ಮಿತಿ

ನೀರು ಹಾಯಿಸುತ್ತ ಕೊರೆಯುವ ಯಂತ್ರದಿಂದ ಸುಮಾರು ಎರಡೂವರೆ ಸೆಂ.ಮೀ. ವ್ಯಾಸದ ಕಲ್ಲಿನ ತುಂಡನ್ನು ತೆಗೆಯುತ್ತಾರೆ. ತೆಗೆಯುವ ಮೊದಲೇ ಅದರ ದಿಕ್ಕು ಮತ್ತು ಓರೆಯನ್ನು ಗುರುತಿಸಬೇಕು. ಕಲ್ಲಿನ ಕಾಂತತ್ವ ದಿಕ್ಸೂಚಿಯನ್ನೇ ದಾರಿ ತಪ್ಪಿಸಬಹುದಾದ್ದರಿಂದ ಸೂರ್ಯನ ನೆರಳನ್ನೂ ಆಧಾರವಾಗಿ ಬಳಸುವುದುಂಟು. ಪ್ರಯೋಗಾಲಯದಲ್ಲಿ ತುಂಡನ್ನು ಹಂತ ಹಂತವಾಗಿ ಕಾಯಿಸಿ, ಆಮೇಲೆ ಅಂಟಿಕೊಂಡ ಕಾಂತತ್ವವನ್ನು ಕಳೆದು, ಮೂಲದ್ದನ್ನು ಅಳೆಯುತ್ತಾರೆ. ಡೈಕ್‌ನ ಶಾಖಕ್ಕೆ ಬೆಂದ ಅಕ್ಕಪಕ್ಕದ ಶಿಲೆಯಲ್ಲಿ ಡೈಕ್‌ನದೇ ದಿಕ್ಕು, ದೂರದ ಶಿಲೆಯಲ್ಲಿ ಬೇರೆ ದಿಕ್ಕು ಕಂಡುಬಂದರೆ ಫಲಿತಾಂಶದ ಮೇಲಿನ ನಂಬಿಕೆ ಹೆಚ್ಚುತ್ತದೆ. ಸಿಡಿಲು ಬಡಿದ ಬಂಡೆಯ ಸಾಕ್ಷ್ಯ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅಲ್ಲದೆ ಕಾಂತತ್ವ ಹೇಳುವುದು ಅಕ್ಷಾಂಶವನ್ನು ಮತ್ತು ಭೂಖಂಡ ತಿರುಗಿದ ಪ್ರಮಾಣವನ್ನು ಮಾತ್ರ. ರೇಖಾಂಶಕ್ಕೆ ಬೇರೆ ಪುರಾವೆಗಳು ಬೇಕು.

ಹಳೆಯ ಡೈಕ್‌ಗಳ ಕರಿಕಲ್ಲೇ ಮಾರುಕಟ್ಟೆಯಲ್ಲಿ 'ಬ್ಲ್ಯಾಕ್ ಗ್ರಾನೈಟ್' ಎಂಬ ಹೆಸರಿನಲ್ಲಿ ಅಡುಗೆಮನೆಯ ಕಟ್ಟೆಗೂ ಸಮಾಧಿಗಲ್ಲಿಗೂ ಬಳಕೆಯಾಗುತ್ತದೆ. ಕಲ್ಲುಗಣಿಗಳು ಬಿಸಿಲು ಮಳೆಗೆ ಸವೆಯದ ಹೊಸ ಮೈಯನ್ನು ತೆರೆದು ಸಂಶೋಧಕರಿಗೆ ನೆರವಾಗುವುದೂ ನಿಜ. ಆದರೆ ಮಾದರಿ ಸಂಗ್ರಹಿಸುವ ಮೊದಲೇ ಡೈಕ್ ಪೂರ್ತಿ ಖಾಲಿಯಾದರೆ ನಷ್ಟ ತುಂಬಿಕೊಳ್ಳುವ ದಾರಿಯಿಲ್ಲ. ಕಡಿದು ಸಾಗಿಸಿದ ಕಲ್ಲಿನಲ್ಲಿ ಕಾಂತತ್ವ ಉಳಿದಿರುತ್ತದೆ. ಅದು ನೆಲದಲ್ಲಿದ್ದಾಗ ಯಾವ ಕಡೆಗೆ ಮುಖಮಾಡಿತ್ತು ಎಂಬ ಮಾಹಿತಿ ಮಾತ್ರ ಉಳಿದಿರುವುದಿಲ್ಲ. ಭೂಖಂಡದ ಹಳೆಯ ನೆಲೆಯನ್ನು ಹೇಳುವುದು ಆ ಮಾಹಿತಿಯೇ.